ಚಿರಂಜೀವಿಯ ಮರಣ: 'ಶ್ರೀ'ಯವರ 'ಅಶ್ವತ್ಥಾಮನ್' ನಾಟಕದ ಅರ್ಥವಿಚಾರ

೧

ಕನ್ನಡ ನಾಟಕದ ಚರಿತ್ರೆಯಲ್ಲಿ ೧೮೮೪ನೆಯ ಇಸವಿಯು ಎರಡು ಕಾರಣಗಳಿಂದ ಸ್ಮರಣೀಯವಾದುದು. ಆ ವರ್ಷ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಹುಟ್ಟಿತು. ಅದೇ ವರ್ಷದ ಜನವರಿಯಲ್ಲಿ, ಅದೇ ಜಿಲ್ಲೆಯ ತುರುವೇಕೆರೆ ಸೀಮೆಗೆ ಸೇರಿದ ಸಂಪಿಗೆಯಲ್ಲಿ, ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದರು. ಇವರ ಹೆಸರಿನ ಮೊದಲಲ್ಲಿರುವ ಬೆಳ್ಳೂರು, ಕುಣಿಗಲ್ಲಿನಿಂದ ಯಡಿಯೂರನ್ನು ದಾಟಿ ಪಡುವಲಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಊರು. ಹೀಗೆ ಒಂದೇ ನೆಲದಲ್ಲಿ ಒಂದೇ ವರ್ಷ ಮೊಳೆತ ಎರಡು ಬೀಜಗಳು ಎರಡು ಬಗೆಯ ಮರಗಳಾಗಿ ಬೆಳೆದುವು. ಗುಬ್ಬಿಯ ಕಂಪನಿಯು ವೀರಣ್ಣನವರ ಯಜಮಾನಿಕೆಯಲ್ಲಿ ನಾಡನ್ನೆಲ್ಲ ಸುತ್ತಿ, ಮಹಾಭಾರತವನ್ನು ದೀಪದ ಬೆಳಕಿನಲ್ಲಿ ಸಾವಿರಾರು ಜನರ ಕಣ್ಣಿಗೆ ಕಟ್ಟಿತು. 'ಶ್ರೀ'ಯವರು ಅದೇ ಮಹಾಭಾರತವನ್ನು ಓದುವ ಮನೆಯ ಏಕಾಂತಕ್ಕೆ ತಂದು, ಗ್ರೀಕರ ರುದ್ರನಾಟಕದ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದರು.

ಈ ಎರಡನೆಯ ನೋಟದ ಫಲವೇ ೧೯೨೯ರಲ್ಲಿ ಪ್ರಕಟವಾದ 'ಅಶ್ವತ್ಥಾಮನ್'. ಅದಕ್ಕೆ ಮೂರು ವರ್ಷ ಮೊದಲು 'ಗದಾಯುದ್ಧ ನಾಟಕಂ' ಹೊರಬಂದಿತ್ತು; ಆರು ವರ್ಷಗಳ ಮೇಲೆ 'ಪಾರಸಿಕರು' ಹೊರಬಂದಿತು. ಮೊದಲನೆಯದು ರನ್ನನ ಕಾವ್ಯದಿಂದ ಬಂದುದರಿಂದ ವಿದ್ವಾಂಸರಿಗೆ ಪರಿಚಿತವಾದ ವಸ್ತು. ಕಡೆಯದು ಈಸ್ಕಿಲಸ್ ಕವಿಯ ನಾಟಕದ ಅನುವಾದವಾದುದರಿಂದ ನಮ್ಮ ನಂಬಿಕೆಗಳಿಗೆ ಅದರಿಂದ ಯಾವ ಧಕ್ಕೆಯೂ ಇಲ್ಲ. ನಡುವಣ ನಾಟಕದ ಸ್ಥಿತಿ ಹಾಗಲ್ಲ. ಅದರಲ್ಲಿ ಚಿರಂಜೀವಿಯೆಂದು ಲೋಕವು ನಂಬಿದ ಪುರುಷನು ಸಾಯುತ್ತಾನೆ. ಅದೂ ತನ್ನ ಕೈಯಿಂದಲೇ ಸಾಯುತ್ತಾನೆ. ಹುಟ್ಟುಹಬ್ಬದ ದಿನ ಮಕ್ಕಳಿಗೆ ಆಯುಸ್ಸು ಹೆಚ್ಚಲೆಂದು ಹಿರಿಯರು ಸ್ಮರಿಸುವ ಏಳು ಹೆಸರುಗಳಲ್ಲಿ ಮೊದಲನೆಯದು ಅಶ್ವತ್ಥಾಮನದು. ಆ ಹೆಸರನ್ನೇ ಆರಿಸಿ ಅದಕ್ಕೆ ಮರಣವನ್ನು ಕಟ್ಟಿದ ಕವಿಯ ಧೈರ್ಯವು ಸಣ್ಣದಲ್ಲ. ಆ ಧೈರ್ಯಕ್ಕೆ ನಾಟಕದೊಳಗೇ ತಕ್ಕ ಕಾರಣವಿದೆಯೆ, ಇಲ್ಲವೆ ಪರದೇಶದ ಮಾದರಿಯೊಂದರ ಬಲಾತ್ಕಾರದಿಂದ ಹಾಗಾಯಿತೆ ಎಂಬುದೇ ಈ ಲೇಖನದ ವಿಚಾರಣೀಯ ವಿಷಯ.

೨

ನಾಟಕದ ಮಾದರಿಯು ಸೊಫೋಕ್ಲೀಸನ 'ಅಯಾಸ್'. ಇಂಗ್ಲಿಷರ ಬಾಯಲ್ಲಿ ಇದೇ 'ಏಜಾಕ್ಸ್'. ಅದರ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಟ್ರಾಯ್ ಯುದ್ಧದಲ್ಲಿ ಅಖಿಲೀಸನು ಮಡಿದ ಮೇಲೆ ಅವನ ಆಯುಧಗಳು ಒಡಿಸ್ಯೂಸನಿಗೆ ಸಲ್ಲುತ್ತವೆ. ತನಗೆ ಸಲ್ಲಬೇಕಾದ ಗೌರವವು ತಪ್ಪಿತೆಂದು ಕೆರಳಿದ ಅಯಾಸನು ರಾತ್ರಿಯಲ್ಲಿ ಗ್ರೀಕ್ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ಅಥೀನಾದೇವಿಯು ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ದನಕುರಿಗಳನ್ನು ಶತ್ರುಗಳೆಂದು ಭ್ರಮಿಸಿ ಕಡಿಯುತ್ತಾನೆ. ಭ್ರಮೆ ಇಳಿದಾಗ ಉಳಿಯುವುದು ಲಜ್ಜೆ. ಮಡದಿ ಟೆಕ್ಮೆಸ್ಸಳ ಬೇಡಿಕೆ, ಮಗುವಿನ ಮುಖ, ಸಂಗಡಿಗರ ಮೇಳದ ಮೊರೆ, ಯಾವುದೂ ಅವನನ್ನು ತಡೆಯಲಾರದು. ಶತ್ರುವಾದ ಹೆಕ್ಟರನು ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನಾಟಿ ಅದರ ಮೇಲೆ ಬೀಳುತ್ತಾನೆ. ನಾಟಕ ಅಲ್ಲಿಗೆ ಮುಗಿಯುವುದಿಲ್ಲ. ಅವನ ಶವಕ್ಕೆ ಸಂಸ್ಕಾರವಾಗಬೇಕೆ ಬೇಡವೆ ಎಂಬ ವಿವಾದ ಏಳುತ್ತದೆ. ರಾಜರು ಕೂಡದೆನ್ನುತ್ತಾರೆ, ತಮ್ಮನಾದ ಟ್ಯೂಕರನು ಶವದ ಬಳಿ ನಿಂತು ವಾದಿಸುತ್ತಾನೆ, ಕೊನೆಗೆ ವೈರಿಯಾಗಿದ್ದ ಒಡಿಸ್ಯೂಸನೇ ಸಂಸ್ಕಾರದ ಪಕ್ಷವನ್ನು ಹಿಡಿಯುತ್ತಾನೆ.

ಈ ಚೌಕಟ್ಟಿನಲ್ಲಿ ದ್ರೋಣಪುತ್ರನನ್ನು ಕಂಡುದೇ 'ಶ್ರೀ'ಯವರ ಪ್ರತಿಭೆಯ ಮೊದಲ ಲಕ್ಷಣ. ಎರಡು ಕಥೆಗಳಿಗೂ ಸಾಮ್ಯವು ಹೊರಗಿನದು ಮಾತ್ರವಲ್ಲ. ಇಬ್ಬರೂ ಮಹಾಯುದ್ಧದ ಕೊನೆಯಲ್ಲಿ ನಿಂತವರು. ಇಬ್ಬರೂ ಅನ್ಯಾಯವಾಯಿತೆಂದು ನಂಬಿದವರು. ಇಬ್ಬರ ಕೃತ್ಯವೂ ರಾತ್ರಿಯದು, ವೀರರು ಒಪ್ಪದುದು. ಮತ್ತೂ ಒಂದು ಹೊಂದಿಕೆಯಿದೆ. ಆದಿಪರ್ವವು ಅಶ್ವತ್ಥಾಮನ ಜನ್ಮವನ್ನು ಹೇಳುವಾಗ ಮಹಾದೇವ, ಅಂತಕ, ಕಾಮ, ಕ್ರೋಧ ಈ ನಾಲ್ಕರ ಅಂಶಗಳು ಒಂದುಗೂಡಿ ಅವನಾದನೆನ್ನುತ್ತದೆ. ರುದ್ರನ ಅಂಶವುಳ್ಳವನೇ ರುದ್ರನಾಟಕಕ್ಕೆ ನಾಯಕನಾದುದು ಔಚಿತ್ಯದ ಮಾತಾಗಿದೆ.

'ಶ್ರೀ'ಯವರಿಗೆ ಈ ದೃಷ್ಟಿ ಆಕಸ್ಮಿಕವಾಗಿ ಬಂದುದಲ್ಲ. ೧೯೨೫ರಲ್ಲಿಯೇ ಅವರು ನಾಗಚಂದ್ರನ ರಾಮಾಯಣದ ರಾವಣನನ್ನು ದುರಂತ ನಾಯಕನೆಂದು ವಿವೇಚಿಸಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದರು. ಎತ್ತರದಲ್ಲಿ ನಿಂತವನು ತನ್ನ ಒಳಗಿನ ಬಿರುಕಿನಿಂದಲೇ ಬೀಳುವುದು, ಬೀಳುವಾಗಲೂ ಅವನ ಎತ್ತರ ನಮಗೆ ಕಾಣುವುದು, ಈ ಲಕ್ಷಣವನ್ನು ಅವರು ಮೊದಲು ನಮ್ಮ ಹಳೆಯ ಕಾವ್ಯದಲ್ಲಿ ಗುರುತಿಸಿ, ಅನಂತರ ತಾವೇ ಅದನ್ನು ನಾಟಕದಲ್ಲಿ ರಚಿಸಿದರು. ರಾವಣ, ದುರ್ಯೋಧನ, ಅಶ್ವತ್ಥಾಮ ಇವರನ್ನು ಒಂದು ಸಾಲಿನಲ್ಲಿಟ್ಟು ನೋಡಿದರೆ ಈ ವಿಚಾರದ ಬೆಳವಣಿಗೆ ಸ್ಪಷ್ಟವಾಗುತ್ತದೆ.

೩

ನಾಟಕದ ಮೇಲೆ ಎತ್ತಬಹುದಾದ ಆಕ್ಷೇಪಣೆಗಳು ಮುಖ್ಯವಾಗಿ ಎರಡು. ನಾಯಕನ ಮರಣವನ್ನು ತೋರಿಸಬಾರದೆಂಬ ನಾಟ್ಯಶಾಸ್ತ್ರಕಾರರ ಮರ್ಯಾದೆಯನ್ನು ಮೀರಿದೆಯೆಂಬುದು ಒಂದು. ಪುರಾಣಪ್ರಸಿದ್ಧವಾದ ಅಮರತ್ವವನ್ನು ಅಳಿಸಿದೆಯೆಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರವು ಸುಲಭ. ಸಂಸ್ಕೃತದಲ್ಲಿಯೇ ಭಾಸನದೆಂದು ಪ್ರಸಿದ್ಧವಾಗಿರುವ 'ಊರುಭಂಗ'ದಲ್ಲಿ ದುರ್ಯೋಧನನು ನೋಟಕರ ಎದುರಿಗೇ ಪ್ರಾಣಬಿಡುತ್ತಾನೆ. ಆ ರೂಪಕದ ಕೊನೆಯಲ್ಲಿ ಅಶ್ವತ್ಥಾಮನೇ ಬಂದು ರಾತ್ರಿಯ ಸಂಹಾರಕ್ಕೆ ಪ್ರತಿಜ್ಞೆಮಾಡಿ ಹೊರಡುತ್ತಾನೆಂಬುದನ್ನು ಗಮನಿಸಬೇಕು. ಸಂಸ್ಕೃತ ಕವಿಯು ಬಿಟ್ಟ ಕಡೆಯಿಂದ ಕನ್ನಡ ಕವಿಯು ಮುಂದುವರಿಸಿದನೆಂದು ಹೇಳಿದರೂ ಸಲ್ಲುತ್ತದೆ. ಇತ್ತ ಗ್ರೀಕರಲ್ಲಿಯೂ ಸಾವನ್ನು ರಂಗದ ಮೇಲೆ ತೋರುವುದು ಅಪರೂಪ. ದೂತನ ಮಾತಿನಲ್ಲಿ ಅದನ್ನು ತಿಳಿಸುವುದೇ ವಾಡಿಕೆ. ಆದುದರಿಂದ ಇದು ನಮ್ಮ ಮರ್ಯಾದೆಗೂ ಅವರ ಮರ್ಯಾದೆಗೂ ನಡುವಣ ಜಗಳವಲ್ಲ. ಎರಡು ಕಡೆಯೂ ನಿಯಮವಿತ್ತು. ಎರಡು ಕಡೆಯೂ ದೊಡ್ಡ ಕವಿಗಳು ತಕ್ಕ ಸಂದರ್ಭ ಬಂದಾಗ ಅದನ್ನು ದಾಟಿದರು.

ಎರಡನೆಯ ಆಕ್ಷೇಪಣೆಗೆ ಉತ್ತರ ಹೇಳಬೇಕಾದರೆ ವ್ಯಾಸಭಾರತದ ಸೌಪ್ತಿಕಪರ್ವವನ್ನು ಮತ್ತೊಮ್ಮೆ ಬಿಚ್ಚಬೇಕು. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದನ್ನು ಕಂಡು ಅಶ್ವತ್ಥಾಮನಿಗೆ ಆ ಯೋಚನೆ ಹುಟ್ಟುತ್ತದೆ. ಕೃಪನು ಬೇಡವೆಂದು ತಡೆಯುತ್ತಾನೆ, ಅವನು ಕೇಳುವುದಿಲ್ಲ. ಶಿಬಿರದ ಬಾಗಿಲಲ್ಲಿ ಶಿವನನ್ನು ಮೆಚ್ಚಿಸಿ ಖಡ್ಗವನ್ನು ಪಡೆಯುತ್ತಾನೆ. ಒಳಹೊಕ್ಕು ತಂದೆಯನ್ನು ಕೊಂದ ಧೃಷ್ಟದ್ಯುಮ್ನನಿಗೆ ಶಸ್ತ್ರದಿಂದ ಸಾಯುವ ವೀರಗತಿಯೂ ದೊರೆಯದಂತೆ ತುಳಿದು ಕೊಲ್ಲುತ್ತಾನೆ. ದ್ರೌಪದಿಯ ಐವರು ಮಕ್ಕಳೂ ಆ ರಾತ್ರಿಯೇ ಮಡಿಯುತ್ತಾರೆ. ಮುಂದೆ ಅಸ್ತ್ರಗಳ ಪ್ರಯೋಗ, ಶಿರೋಮಣಿಯ ಅಪಹಾರ, ಕೊನೆಗೆ ಕೃಷ್ಣನ ಶಾಪ. ಆ ಶಾಪದ ಸ್ವರೂಪವು ವಿಚಾರಾರ್ಹವಾದುದು: ಮೂರು ಸಾವಿರ ವರ್ಷ ಒಬ್ಬರ ಜತೆಯಿಲ್ಲದೆ, ಒಬ್ಬರೊಡನೆ ಮಾತಿಲ್ಲದೆ, ರಕ್ತ ಕೀವುಗಳ ದುರ್ಗಂಧದೊಡನೆ ಕಾಡುಗಳಲ್ಲಿ ತೊಳಲಬೇಕು. ಹೀಗಿರುವಾಗ ಅಶ್ವತ್ಥಾಮನ ದೀರ್ಘಾಯುಸ್ಸು ವ್ಯಾಸನ ಮಾತಿನಲ್ಲಿ ವರವಲ್ಲ, ದಂಡನೆ. ಬಲಿಯೂ ಹನುಮಂತನೂ ಚಿರಂಜೀವಿಗಳಾದ ಅರ್ಥದಲ್ಲಿ ಇವನು ಚಿರಂಜೀವಿಯಲ್ಲ. ಅವರಿಗೆ ಆಯುಸ್ಸು ಸಂಭಾವನೆ. ಇವನಿಗೆ ಅದೇ ಸೆರೆಮನೆ.

ಈ ಅಂತರವನ್ನು ಮನಸ್ಸಿಗೆ ತಂದುಕೊಂಡರೆ 'ಶ್ರೀ'ಯವರ ಮಾರ್ಪಾಟಿನ ಅರ್ಥ ಬದಲಾಗುತ್ತದೆ. ಅವರು ಅಶ್ವತ್ಥಾಮನಿಂದ ಕಸಿದುಕೊಂಡುದು ಅಮರತ್ವದ ಗೌರವವಲ್ಲ, ಬದುಕಿನ ಶಿಕ್ಷೆ. ವ್ಯಾಸನಲ್ಲಿ ಅವನಿಗೆ ಸಾಯುವ ಅಧಿಕಾರವಿಲ್ಲ. ಮಾನವು ಹೋದಮೇಲೂ ಪ್ರಾಣವು ಹೋಗದು. ಕನ್ನಡ ನಾಟಕದಲ್ಲಿ ಮಾನವು ಹೋಯಿತೆಂದು ತಿಳಿದ ಗಳಿಗೆಯಲ್ಲಿ ಪ್ರಾಣವನ್ನು ಒಪ್ಪಿಸಿ ಮಾನವನ್ನು ಹಿಂದಕ್ಕೆ ಪಡೆಯಲು ಅವನು ಯತ್ನಿಸುತ್ತಾನೆ. ಶಿಕ್ಷೆಯನ್ನು ಹೊರಗಿನವರು ವಿಧಿಸುವುದಕ್ಕೆ ಬದಲಾಗಿ ತಾನೇ ವಿಧಿಸಿಕೊಳ್ಳುತ್ತಾನೆ. ತನ್ನ ಕೃತ್ಯಕ್ಕೆ ತಾನೇ ನ್ಯಾಯಾಧಿಪತಿಯಾಗುವವನು ಮಾತ್ರವೇ ರುದ್ರನಾಟಕದ ನಾಯಕನಾಗಬಲ್ಲನು. ಶಾಪಗ್ರಸ್ತನಾಗಿ ಅಲೆಯುವವನು ಕನಿಕರಕ್ಕೆ ಪಾತ್ರನು. ನಾಯಕತ್ವಕ್ಕೆ ಪಾತ್ರನಾಗುವುದು ಕಷ್ಟ.

೪

ಇನ್ನೂ ಆಳವಾದ ಒಂದು ಸಂಬಂಧವನ್ನು ಇಲ್ಲಿ ಕಾಣಬಹುದು. ದ್ರೋಣನು ಸತ್ತುದು ಯಾವ ಬಾಣದಿಂದ? ಕೊರಳನ್ನು ಕತ್ತರಿಸಿದವನು ಧೃಷ್ಟದ್ಯುಮ್ನನಾದರೂ ಅದಕ್ಕೆ ಮೊದಲೇ ಅವನನ್ನು ಕೊಂದುದು ಒಂದು ಸುದ್ದಿ. ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಭೀಮನು ಕೊಂದನು. ಅಶ್ವತ್ಥಾಮನು ಸತ್ತನೆಂದು ಕೂಗಿದನು. ಸತ್ಯವಂತನೆಂದು ಹೆಸರಾದ ಧರ್ಮರಾಯನು ಅರ್ಧವನ್ನು ಗಟ್ಟಿಯಾಗಿಯೂ ಅರ್ಧವನ್ನು ಮೆಲ್ಲಗೂ ನುಡಿದು ಆ ಕೂಗಿಗೆ ಸಾಕ್ಷಿಯಾದನು. ತಂದೆಯು ಆಯುಧವನ್ನು ಕೆಳಗಿಟ್ಟನು. ಮಹಾಭಾರತದ ಯುದ್ಧದಲ್ಲಿ ನಡೆದ ಅಧರ್ಮಗಳಲ್ಲೆಲ್ಲ ಇದು ಬಹು ಸೂಕ್ಷ್ಮವಾದುದು. ಏಕೆಂದರೆ ಇದನ್ನು ಮಾಡಿದ ಆಯುಧವು ಮಾತು.

ಸುಳ್ಳು ಯಾವುದು? ಅಶ್ವತ್ಥಾಮನು ಸತ್ತನೆಂಬುದು. 'ಶ್ರೀ'ಯವರ ನಾಟಕದ ಕೊನೆ ಯಾವುದು? ಅಶ್ವತ್ಥಾಮನು ಸತ್ತನೆಂಬುದೇ. ದ್ರೋಣಪರ್ವದಲ್ಲಿ ಯಾವ ವಾಕ್ಯವು ಸುಳ್ಳಾಗಿ ತಂದೆಯನ್ನು ಕೊಂದಿತೋ ಅದೇ ವಾಕ್ಯವು ಈ ನಾಟಕದಲ್ಲಿ ನಿಜವಾಗಿ ಮಗನನ್ನು ಮುಟ್ಟುತ್ತದೆ. ಸುಳ್ಳಿನಿಂದ ಹುಟ್ಟಿದ ಸೇಡು ತಿರುಗಿ ತಿರುಗಿ ಆ ಸುಳ್ಳನ್ನೇ ನಿಜಮಾಡಿ ಮುಗಿಯುತ್ತದೆ. ಕವಿಯು ಇದನ್ನು ಉದ್ದೇಶಿಸಿಯೇ ರಚಿಸಿದನೆಂದು ನಾವು ಸಾಧಿಸಬೇಕಾಗಿಲ್ಲ. ಭಾರತವನ್ನು ಬಲ್ಲ ವಾಚಕನು ನಾಟಕವನ್ನು ಓದುವಾಗ ಆ ಹಳೆಯ ಕೂಗು ಕಿವಿಗೆ ಬೀಳದೆ ಇರದು. ಬಿದ್ದಮೇಲೆ ಈ ಮರಣವು ಗ್ರೀಕರಿಂದ ತಂದ ಹೊರಗಿನ ವಸ್ತುವಾಗಿ ತೋರದು. ನಮ್ಮ ಕಥೆಯೊಳಗೇ ತೀರಿಸದೆ ಉಳಿದಿದ್ದ ಒಂದು ಸಾಲವು ತೀರಿದಂತೆ ತೋರುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಅದನ್ನು ಮರೆಮಾಡುವುದು ವಿಮರ್ಶೆಯ ಧರ್ಮವಲ್ಲ. ಅಯಾಸನ ಕತ್ತಿಗೆ ಸಿಕ್ಕಿದವು ಪಶುಗಳು. ಅವನ ಲಜ್ಜೆಯು ನಗೆಪಾಟಲಿನ ಲಜ್ಜೆ. ವೈರಿಗಳು ನಕ್ಕಾರೆಂಬ ವೀರನ ಸಂಕಟ. ಅಶ್ವತ್ಥಾಮನ ಹೆಸರಿಗೆ ಅಂಟಿದುದು ನಿದ್ರಿಸುತ್ತಿದ್ದವರ ರಕ್ತ. ಕುಮಾರವ್ಯಾಸನಲ್ಲಿ ಆ ಎಳೆಯರ ತಲೆಗಳನ್ನು ಕಂಡು ಸಾಯುತ್ತಿರುವ ಕೌರವನೇ ಮರುಗುತ್ತಾನೆ. ಇಂಥವನ ಸಾವಿಗೆ ನಮ್ಮ ಕಣ್ಣೀರನ್ನು ಬೇಡುವಾಗ ಮಕ್ಕಳನ್ನು ಕಳೆದುಕೊಂಡ ತಾಯಿಯ ಕಣ್ಣೀರು ಎಲ್ಲಿ ಹೋಯಿತೆಂದು ಕೇಳುವ ಹಕ್ಕು ವಾಚಕನಿಗುಂಟು. ವೀರನ ಮಾನವೇ ಅಳತೆಯಾದ ನಾಟಕದಲ್ಲಿ ಸತ್ತವರ ಪಕ್ಷವು ಹಿಂದೆ ಸರಿಯುವುದು ಸಹಜ. ಇದು ಗ್ರೀಕ್ ಚೌಕಟ್ಟಿನಿಂದ ಬಂದ ನಷ್ಟವೆಂದು ಒಪ್ಪಬೇಕು. ಆದರೆ ಈ ನಷ್ಟದಿಂದಲೇ ನಾಟಕದ ಪ್ರಶ್ನೆಯು ಮೊನಚಾಗುತ್ತದೆಂಬುದನ್ನೂ ಮರೆಯಬಾರದು: ಕ್ಷಮಿಸಲಾಗದ ಕೃತ್ಯವನ್ನು ಮಾಡಿದವನಲ್ಲಿಯೂ ಮನುಷ್ಯತ್ವವು ಉಳಿದಿದೆಯೆ? ಉಳಿದಿದ್ದರೆ ಅದಕ್ಕೆ ನಾವು ಏನು ಸಲ್ಲಿಸಬೇಕು?

೫

ಈ ಪ್ರಶ್ನೆಗೆ ಉತ್ತರವು ನಾಟಕದ ಉತ್ತರಾರ್ಧದಲ್ಲಿದೆ. ನಾಯಕನು ಸತ್ತಮೇಲೆ ನಾಟಕವು ಏಕೆ ಮುಂದುವರಿಯಬೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಸೊಫೋಕ್ಲೀಸನ ಮೂಲದ ವಿಷಯದಲ್ಲಿಯೂ ಪಾಶ್ಚಾತ್ಯ ವಿದ್ವಾಂಸರು ಇದೇ ಪ್ರಶ್ನೆಯನ್ನು ಎತ್ತಿದ್ದಾರೆ. ಮರಣದಿಂದ ನಾಯಕನ ಲೆಕ್ಕ ಮುಗಿಯಿತು. ಬದುಕಿರುವವರ ಲೆಕ್ಕವು ಮುಗಿದಿಲ್ಲ. ಶತ್ರುವಿನ ಶವದ ಮುಂದೆ ಗೆದ್ದವನು ಹೇಗೆ ನಡೆದುಕೊಳ್ಳುತ್ತಾನೆಂಬುದರಿಂದ ಗೆಲುವಿನ ಯೋಗ್ಯತೆ ತಿಳಿಯಬೇಕು. ಇದು ಗ್ರೀಕರ ಧರ್ಮಸೂಕ್ಷ್ಮ ಮಾತ್ರವಲ್ಲ. ಸ್ತ್ರೀಪರ್ವದಲ್ಲಿ ಧರ್ಮರಾಯನು ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ರಣದಲ್ಲಿ ಬಿದ್ದ ಎರಡು ಪಕ್ಷದವರಿಗೂ, ದಿಕ್ಕಿಲ್ಲದ ಹೆಣಗಳಿಗೂ ಸಂಸ್ಕಾರವಾಗಬೇಕೆಂದು ವಿಧಿಸುತ್ತಾನೆ. ಹಾಗಾಗಿ ಶವಸಂಸ್ಕಾರದ ವಿವಾದವು ನಮ್ಮ ವಸ್ತುವಿಗೆ ಹೊರಗಿನದಲ್ಲ.

ಈ ಭಾಗದಲ್ಲಿ 'ಶ್ರೀ'ಯವರು ತಂದ ಪಾತ್ರವೊಂದು ನಾಟಕದ ಎಲ್ಲ ಪ್ರಯೋಗಗಳಲ್ಲಿಯೂ ಮೇಲಾದುದು. ಟ್ಯೂಕರನ ಸ್ಥಾನದಲ್ಲಿ ಅವರು ನಿಲ್ಲಿಸಿದುದು ಏಕಲವ್ಯನನ್ನು. ಟ್ಯೂಕರನು ಬಿಲ್ಲುಗಾರ, ಸೆರೆಹಿಡಿದು ತಂದ ಹೆಂಗಸಿನ ಮಗನೆಂದು ರಾಜರಿಂದ ಹಳಿಸಿಕೊಂಡವನು. ಏಕಲವ್ಯನೂ ಬಿಲ್ಲುಗಾರ, ಬೇಡನೆಂದು ಗುರುವಿನ ಬಾಗಿಲಿನಿಂದ ಹಿಂದಿರುಗಿದವನು. ಇಷ್ಟು ನಿಕಟವಾದ ಹೊಂದಿಕೆಯು ಭಾರತದ ಬೇರಾವ ಪಾತ್ರದಿಂದಲೂ ಸಿಕ್ಕುತ್ತಿರಲಿಲ್ಲ. ಆದರೆ ಹೊಂದಿಕೆಯ ಸೊಗಸಿಗಿಂತ ಅರ್ಥದ ಭಾರವೇ ಇಲ್ಲಿ ಹೆಚ್ಚು. ದ್ರೋಣನು ಯಾರ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿ ಪಡೆದನೋ ಅವನೇ ದ್ರೋಣನ ಮಗನ ಹೆಣಕ್ಕೆ ಕಾವಲಾಗಿ ನಿಲ್ಲುತ್ತಾನೆ. ಗುರುವಿನಿಂದ ಅನ್ಯಾಯವನ್ನು ಪಡೆದವನು ಗುರುಪುತ್ರನಿಗೆ ನ್ಯಾಯವನ್ನು ಬೇಡುತ್ತಾನೆ. ಸೇಡಿಗೆ ಎಲ್ಲರಿಗಿಂತ ಹೆಚ್ಚು ಕಾರಣವಿದ್ದವನು ಸೇಡನ್ನು ಕೈಬಿಟ್ಟಿದ್ದಾನೆ. ಆ ಕಾರಣದಿಂದಲೇ ಅವನ ಮಾತಿಗೆ ಬೇರೊಬ್ಬರ ಮಾತಿಗಿಲ್ಲದ ತೂಕ ಬರುತ್ತದೆ.

ವ್ಯಾಸನ ಲೆಕ್ಕದಲ್ಲಿ ಏಕಲವ್ಯನು ಆ ಹೊತ್ತಿಗೆ ಬದುಕಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಯುದ್ಧಕ್ಕೆ ಮೊದಲೇ ಅವನನ್ನು ತಾನು ಕೊಂದೆನೆಂದು ಕೃಷ್ಣನು ದ್ರೋಣಪರ್ವದಲ್ಲಿ ಅರ್ಜುನನಿಗೆ ಹೇಳುತ್ತಾನೆ. ಹೀಗೆ 'ಶ್ರೀ'ಯವರು ಸಾಯಬಾರದವನನ್ನು ಸಾಯಿಸಿದರು, ಸತ್ತವನನ್ನು ಬದುಕಿಸಿದರು. ಮೊದಲ ಮಾರ್ಪಾಟನ್ನು ಕಂಡು ಬೆರಗಾಗುವವರು ಎರಡನೆಯದನ್ನು ಗಮನಿಸುವುದು ಕಡಮೆ. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಕವಿಯ ಉದ್ದೇಶವು ಹೊಳೆಯುವುದು. ಹುಟ್ಟಿನಿಂದ ಎಲ್ಲವನ್ನೂ ಪಡೆದ ಆಚಾರ್ಯಪುತ್ರನು ಕ್ರೋಧದಿಂದ ಎಲ್ಲವನ್ನೂ ಕಳೆದುಕೊಂಡನು. ಹುಟ್ಟಿನಿಂದ ಏನನ್ನೂ ಪಡೆಯದವನು ನಿಷ್ಠೆಯಿಂದ ಕೊನೆಯವರೆಗೆ ನಿಂತನು. ಇದನ್ನು ೧೯೨೯ರಲ್ಲಿಯೇ ಹೇಳಿದ ಕನ್ನಡ ನಾಟಕದ ಹಿಂದೆ, ೧೯೪೪ರ 'ಶೂದ್ರ ತಪಸ್ವಿ'ಗೂ ೧೯೪೭ರ 'ಬೆರಳ್‌ಗೆ ಕೊರಳ್'ಗೂ ದಾರಿ ತೆರೆದಿತ್ತೆನ್ನಬೇಕು. ಕುವೆಂಪುರವರು ಆ ದಾರಿಯಲ್ಲಿ ಬಹುದೂರ ನಡೆದರು. ಆದರೆ ಪುರಾಣವನ್ನು ಪ್ರಶ್ನಿಸುವ ಅಧಿಕಾರ ಕವಿಗುಂಟೆಂಬುದು ಅದಕ್ಕೆ ಮೊದಲೇ ಸ್ಥಾಪಿತವಾಗಿತ್ತು.

ಹೋಲಿಕೆಗಾಗಿ ಹಿಂದಿಯ ಧರ್ಮವೀರ ಭಾರತಿಯವರ 'ಅಂಧಾ ಯುಗ'ವನ್ನು ಸ್ಮರಿಸಬಹುದು. ೧೯೫೪ರಲ್ಲಿ ಪ್ರಕಟವಾದ ಆ ಕಾವ್ಯನಾಟಕದಲ್ಲಿಯೂ ಅಶ್ವತ್ಥಾಮನದೇ ಮುಖ್ಯ ಸ್ಥಾನ. ಅರ್ಧಸತ್ಯದಿಂದ ತಂದೆಯನ್ನು ಕಳೆದುಕೊಂಡ ಮೇಲೆ ಅವನು ಮೃಗದಂತಾಗುವುದನ್ನು ಆ ಕವಿಯು ಚಿತ್ರಿಸುತ್ತಾನೆ. ಆದರೆ ಶಾಪವನ್ನು ಉಳಿಸಿಕೊಳ್ಳುತ್ತಾನೆ. ಎರಡನೆಯ ಮಹಾಯುದ್ಧವನ್ನೂ ದೇಶವಿಭಜನೆಯನ್ನೂ ಕಂಡ ಮೇಲೆ ಬರೆದ ಕವಿಗೆ ಗಾಯವು ಮಾಯದೆ ಅಲೆಯುವ ಅಶ್ವತ್ಥಾಮನು ಬೇಕಾದನು. ಮಾನವನ ಘನತೆಯಲ್ಲಿ ನಂಬಿಕೆಯಿಟ್ಟು ಬರೆದ ಕನ್ನಡ ಕವಿಗೆ ಮರಣದಿಂದ ಶುದ್ಧನಾಗುವವನು ಬೇಕಾದನು. ಒಂದೇ ಪಾತ್ರ ಎರಡು ಕಾಲಗಳ ಕನ್ನಡಿಯಾಗಿದೆ.

೬

ಕೊನೆಯದಾಗಿ ಅಧ್ಯಾಪಕರಿಗೆ ಸಂಬಂಧಪಟ್ಟ ಒಂದೆರಡು ಮಾತು. 'ಅಶ್ವತ್ಥಾಮನ್' ಹೆಸರಾದಷ್ಟು ಓದಿಗೆ ಒಳಗಾಗಿಲ್ಲ. ಓದಿಗೆ ಒಳಗಾದಷ್ಟು ರಂಗಕ್ಕೆ ಬಂದಿಲ್ಲ. ಇದಕ್ಕೆ ಮುಖ್ಯ ಕಾರಣ ಭಾಷೆ. ಹೆಸರಿನ ಕೊನೆಯ ನಕಾರವೇ ಸೂಚಿಸುವಂತೆ ನಾಟಕವು ಹಳಗನ್ನಡದ ನಡೆಯಲ್ಲಿದೆ. ಗ್ರೀಕ್ ನಾಟಕದ ಗಾಂಭೀರ್ಯಕ್ಕೆ ಪಂಪ ರನ್ನರ ನುಡಿಯೇ ತಕ್ಕುದೆಂದು ಕವಿಯು ಬಗೆದುದು ಸಹಜ. ಇಂದಿನ ವಿದ್ಯಾರ್ಥಿಗೆ ಅದು ಗೋಡೆಯಾಗಿ ನಿಲ್ಲುತ್ತದೆ.

ಆ ಗೋಡೆಯಲ್ಲಿ ಬಾಗಿಲೊಂದುಂಟು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹಳ್ಳಿಗಳಲ್ಲಿ ಇಂದಿಗೂ ಹವ್ಯಾಸಿಗಳು ಹಾರ್ಮೋನಿಯಂ ಮೇಷ್ಟರಿಂದ ಕಲಿತು ಬೆಳಗಾಗುವವರೆಗೂ 'ಕುರುಕ್ಷೇತ್ರ'ವನ್ನು ಆಡುತ್ತಾರೆ. ೧೯೩೪ರಲ್ಲಿ ಗುಬ್ಬಿಯ ಕಂಪನಿಯವರು ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಆನೆ ಕುದುರೆಗಳೊಡನೆ ವೈಭವದಿಂದ ಆಡಿ ತೋರಿಸಿದ ಕಾಲದಿಂದ ಆ ಕಥೆಯ ರುಚಿಯು ಈ ಸೀಮೆಯಲ್ಲಿ ಇನ್ನಷ್ಟು ಬಲಿಯಿತು. ಮೂಡಲಪಾಯದ ಭಾಗವತನೂ ಅವನ ಹಿಮ್ಮೇಳವೂ ಕಥೆಗೆ ದನಿಗೂಡಿಸುವ ಕ್ರಮವನ್ನು ಬಲ್ಲವರಿಗೆ ಗ್ರೀಕರ ಮೇಳವು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಊರುಗಳಿಂದ ಕಾಲೇಜಿಗೆ ಬರುವ ಹುಡುಗನಿಗೆ ಹಳಗನ್ನಡ ಬಾರದಿರಬಹುದು; ದ್ರೋಣನು ಹೇಗೆ ಸತ್ತನೆಂಬುದು ಚೆನ್ನಾಗಿ ಬರುತ್ತದೆ. ಪಾಠವನ್ನು ಅಲ್ಲಿಂದ ತೊಡಗುವುದು ಲೇಸು. ಪದ್ಯವನ್ನು ಕಣ್ಣಿನಿಂದ ಬಿಡಿಸುವುದಕ್ಕೆ ಮೊದಲು ಕಿವಿಗೆ ಕೇಳಿಸಬೇಕು. ಅರ್ಥಕೋಶವನ್ನು ಬಿಚ್ಚುವುದಕ್ಕೆ ಮೊದಲು, ಸತ್ಯವನ್ನು ಅರ್ಧ ನುಡಿದವನು ಸುಳ್ಳನೋ ಅಲ್ಲವೋ, ಸೇಡಿಗೆ ಎಲ್ಲೆ ಎಲ್ಲಿ, ಶತ್ರುವಿನ ಹೆಣಕ್ಕೆ ಬೆಂಕಿಯಿಡುವವರು ಯಾರು, ಈ ಪ್ರಶ್ನೆಗಳನ್ನು ತರಗತಿಯ ಮುಂದಿಡಬೇಕು. ಹಾಗೆ ಮಾಡಿದರೆ ಮಾತುಗಳ ಕಾಠಿಣ್ಯವು ತಾನಾಗಿ ಸಡಿಲುವುದು.

ಪುರಾಣಕಥೆಯನ್ನು ಮುಟ್ಟಬಾರದೆಂಬ ಭಯವೂ, ಅದನ್ನು ಮುರಿಯುವುದೇ ಪೌರುಷವೆಂಬ ಆತುರವೂ ನಮ್ಮ ಸಾಹಿತ್ಯದಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. 'ಶ್ರೀ'ಯವರ ನಾಟಕವು ಎರಡಕ್ಕೂ ಒಳಗಾಗದೆ ನಡೆಯಿತು. ಅದು ಕಥೆಯನ್ನು ಮೀರಿದ ಕಡೆಗಳಲ್ಲೆಲ್ಲ ಕಥೆಯ ಒಳಗಿನಿಂದಲೇ ಕಾರಣವನ್ನು ಪಡೆದಿದೆ. ಕೊಂದುದಕ್ಕೂ ಕಾರಣವಿದೆ, ಬದುಕಿಸಿದುದಕ್ಕೂ ಕಾರಣವಿದೆ. ಪರಂಪರೆಯನ್ನು ಪೂರ್ತಿಯಾಗಿ ಬಲ್ಲವನು ಅದನ್ನು ಎಷ್ಟರಮಟ್ಟಿಗೆ ಬದಲಿಸಬಹುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವು ಸುಲಭವಾಗಿ ಸಿಕ್ಕದು. ಚಿರಂಜೀವಿಗಳ ಸಾಲಿನಿಂದ ಅಶ್ವತ್ಥಾಮನ ಹೆಸರನ್ನು ಯಾರೂ ತೆಗೆದುಹಾಕಿಲ್ಲ, ತೆಗೆಯಬೇಕಾಗಿಯೂ ಇಲ್ಲ. ಆ ಹೆಸರನ್ನು ಸ್ಮರಿಸುವಾಗ ಚಿರಕಾಲ ಬದುಕುವುದು ಎಂದರೇನು, ಮಾನದಿಂದ ಸಾಯುವುದು ಎಂದರೇನು ಎಂದು ಒಂದು ಗಳಿಗೆ ನಿಂತು ಯೋಚಿಸುವಂತೆ ಮಾಡಿದರೆ ನಾಟಕವು ತನ್ನ ಕೆಲಸವನ್ನು ಮಾಡಿದಂತಾಯಿತು.